ಸಂವೇದಕ ಜಾಲದಲ್ಲಿ ವಿಳಾಸ ಮತ್ತು ದಾರಿ

ಮಣ್ಣಿನ ತೇವ, ಗಾಳಿಯ ಉಷ್ಣತೆ ಮೊದಲಾದವನ್ನು ಅಳೆದು, ಆ ಅಂಕಿಗಳನ್ನು ರೇಡಿಯೊ ಅಲೆಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಕೇಂದ್ರ ನೆಲೆಗೆ ಮುಟ್ಟಿಸುವ ಸಣ್ಣ ಉಪಕರಣಗಳ ಕೂಟವೇ ನಿಸ್ತಂತು ಸಂವೇದಕ ಜಾಲ. ಈ ಉಪಕರಣಗಳು ಬಹುಮಟ್ಟಿಗೆ ಬ್ಯಾಟರಿಯನ್ನೇ ನಂಬಿರುವುದರಿಂದಲೂ ಲೆಕ್ಕ ಹಾಕುವುದಕ್ಕಿಂತ ರೇಡಿಯೊ ಬಳಕೆಗೇ ಹೆಚ್ಚು ವಿದ್ಯುತ್ ವ್ಯಯವಾಗುವುದರಿಂದಲೂ, ವಿಳಾಸ ಎಷ್ಟು ಉದ್ದವಿರಬೇಕು, ಸಂದೇಶ ಯಾವ ದಾರಿ ಹಿಡಿಯಬೇಕು ಎಂಬ ಪ್ರಶ್ನೆಗಳೆರಡೂ ಜಾಲದ ಆಯುಷ್ಯವನ್ನೇ ನಿರ್ಧರಿಸುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಸ್ವಿಟ್ಜರ್‌ಲೆಂಡಿನ ಇ.ಪಿ.ಎಫ್.ಎಲ್. ಸಂಸ್ಥೆಯೊಡನೆ ಕೂಡಿ, ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಕೈಗೊಂಡ ‘ಕಾಮನ್‌ಸೆನ್ಸ್ ನೆಟ್’ ಯೋಜನೆಯು ಮಳೆಯನ್ನೇ ಆಶ್ರಯಿಸಿದ ಸಣ್ಣ ಹಿಡುವಳಿದಾರರ ಬೇಸಾಯದ ನಿರ್ಧಾರಗಳಿಗೆ ನೆರವಾಗಲೆಂದು ಇಂಥ ಜಾಲವನ್ನು ಹೊಲಗಳಲ್ಲಿ ಹೂಡಿತು. ಇಂಥಲ್ಲಿ ಬೇಕಾಗುವುದು ಯಾವ ಸಂಖ್ಯೆಯ ಉಪಕರಣ ಮಾತನಾಡಿತು ಎಂಬುದಲ್ಲ, ಯಾವ ಹೊಲದಲ್ಲಿ ತೇವ ಎಷ್ಟಿದೆ ಎಂಬುದು.

ಈ ಅಗತ್ಯಕ್ಕೆ ಒದಗುವ ಒಂದು ವಿಧಾನ ಸ್ಥಾನಾಧಾರಿತ ವಿಳಾಸ. ಬೆಂಗಳೂರಿನ ಜಯನಗರದಲ್ಲಿ ಬ್ಲಾಕ್, ಮೇನ್, ಕ್ರಾಸ್‌ಗಳ ಸಂಖ್ಯೆಯೇ ಮನೆ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಸೂಚಿಸುವಂತೆ, ಇಲ್ಲಿ ಉಪಕರಣ ಇರುವ ಜಾಗದ ಅಕ್ಷಾಂಶ, ರೇಖಾಂಶಗಳೇ ಅದರ ವಿಳಾಸವಾಗುತ್ತವೆ. ಪ್ರತಿ ಉಪಕರಣವೂ ಇಡೀ ಜಾಲದ ನಕ್ಷೆಯನ್ನು ಇಟ್ಟುಕೊಳ್ಳದೆ, ನೆರೆಯ ಉಪಕರಣಗಳಲ್ಲಿ ಗುರಿಗೆ ಹತ್ತಿರವಿರುವುದಕ್ಕೆ ಸಂದೇಶವನ್ನು ದಾಟಿಸಿದರೆ ಬಹುಮಟ್ಟಿಗೆ ಸಾಕು.

ಅಂತರ್ಜಾಲದ ವಿಳಾಸವನ್ನೇ ಬಳಸಬೇಕೆಂದರೆ ಜಾಗದ ಅಭಾವ ಎದುರಾಗುತ್ತದೆ. ಐಪಿವಿ6 ಪದ್ಧತಿಯಲ್ಲಿ ಒಂದು ವಿಳಾಸಕ್ಕೆ 16 ಬೈಟ್, ಕಳುಹಿಸುವವರ ಹಾಗೂ ಪಡೆಯುವವರ ವಿಳಾಸಗಳನ್ನು ಒಳಗೊಂಡ ತಲೆಬರಹಕ್ಕೆ 40 ಬೈಟ್ ಬೇಕಾಗುತ್ತದೆ. ಆದರೆ ಈ ಜಾಲಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 802.15.4 ಮಾನಕದಲ್ಲಿ ಒಂದು ಸಂದೇಶದ ಗರಿಷ್ಠ ಗಾತ್ರವೇ ಸಾಮಾನ್ಯವಾಗಿ 127 ಬೈಟ್. ಆದ್ದರಿಂದ ‘6ಲೋಪ್ಯಾನ್’ ಎಂಬ ವ್ಯವಸ್ಥೆಯು ಊಹಿಸಬಹುದಾದ ಭಾಗಗಳನ್ನು ಬಿಟ್ಟು ತಲೆಬರಹವನ್ನು ಕೆಲವೇ ಬೈಟ್‌ಗಳಿಗೆ ಕುಗ್ಗಿಸುತ್ತದೆ.

ದಾರಿಯ ವಿಷಯದಲ್ಲಿ, 2012ರಲ್ಲಿ ಮಾನಕವಾದ ‘ಆರ್‌ಪಿಎಲ್’ ಎಂಬ ದಾರಿ ನಿಯಮಾವಳಿಯು ಕೇಂದ್ರ ನೆಲೆಯನ್ನು ಮರದ ಬೇರಿನಂತೆ ಇರಿಸಿಕೊಂಡು, ಬೇರಿನಿಂದ ದೂರವಾದಷ್ಟೂ ಹೆಚ್ಚುವ ದರ್ಜೆಯನ್ನು ಪ್ರತಿ ಉಪಕರಣಕ್ಕೂ ಕೊಡುತ್ತದೆ. ಸಂದೇಶ ಕೆಳದರ್ಜೆಯತ್ತ ಸಾಗಿ ಬೇರನ್ನು ಸೇರುತ್ತದೆ. ಆದರೆ ಎಲ್ಲರ ಸಂದೇಶಗಳೂ ಬೇರಿನ ಸಮೀಪದ ಉಪಕರಣಗಳ ಮೂಲಕವೇ ಹಾಯುವುದರಿಂದ ಅವುಗಳ ಬ್ಯಾಟರಿ ಮೊದಲು ಬರಿದಾಗಿ, ದೂರದ ಉಪಕರಣಗಳು ಸುಸ್ಥಿತಿಯಲ್ಲಿದ್ದರೂ ಅವುಗಳ ಮಾತು ಕೇಂದ್ರಕ್ಕೆ ತಲುಪದಂತಾಗಬಹುದು. ಇದನ್ನು ತಡೆಯಲು ಹಲವು ಅಂಕಿಗಳನ್ನು ದಾರಿಯಲ್ಲೇ ಸರಾಸರಿಗೆ ಇಳಿಸಿ ಒಂದೇ ಸಂದೇಶವಾಗಿ ಕಳುಹಿಸುವುದು, ಅಥವಾ 2000ರಲ್ಲಿ ಪ್ರಕಟವಾದ ‘ಲೀಚ್’ ಕ್ರಮದಂತೆ ಉಪಕರಣಗಳನ್ನು ಗುಂಪುಗಳಾಗಿಸಿ ಪ್ರತಿ ಗುಂಪಿನ ಮುಂದಾಳತ್ವವನ್ನು ಸರದಿಯ ಮೇಲೆ ಹಂಚುವುದು ರೂಢಿಯಲ್ಲಿದೆ. ಹೀಗಾಗಿ ಇಂಥ ಜಾಲದಲ್ಲಿ ಉತ್ತಮ ದಾರಿಯೆಂದರೆ ಅತಿ ಚಿಕ್ಕ ದಾರಿಯೇ ಆಗಬೇಕೆಂದಿಲ್ಲ. ಹೊರೆಯನ್ನು ಸಮನಾಗಿ ಹಂಚಿ ಇಡೀ ಜಾಲವನ್ನು ಹೆಚ್ಚು ಕಾಲ ನಡೆಸುವ ದಾರಿಗೇ ಮನ್ನಣೆ.