ಎರಡೂ ಕಡೆ ಅರವತ್ತನಾಲ್ಕು

"ಎರಡು ಡೋಸ್ ಹಾಕಿಸಿಕೊಂಡವರೇ ಆಸ್ಪತ್ರೆಯಲ್ಲಿ ಮಲಗಿದ್ದಾರಲ್ಲ ಮಾರಾಯ್ರೆ, ಮತ್ತೆ ಆ ಸೂಜಿಯಿಂದ ಏನು ಬಂತು?" ಕೊರೊನಾ ಎರಡನೇ ಅಲೆಯ ಹೊತ್ತಿಗೆ ಕಳಸ, ಹೊರನಾಡು, ಮೂಡಿಗೆರೆ ಕಡೆ ಮಾತ್ರವಲ್ಲ, ಎಲ್ಲ ಕಡೆಯೂ ಓಡಾಡಿದ ಪ್ರಶ್ನೆ ಇದು. ಕೇಳಿದವರನ್ನು ಅವಿವೇಕಿಗಳೆಂದು ಜರೆದವರೇ ಹೆಚ್ಚು, ಲೆಕ್ಕ ಹಾಕಿ ಉತ್ತರ ಹೇಳಿದವರು ಕಡಿಮೆ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಉತ್ತರ ವೆಲ್ಲೂರಿನಲ್ಲಿದೆ.

ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಿಬ್ಬಂದಿ. 2021ರ ಫೆಬ್ರುವರಿ ಕೊನೆಯಿಂದ ಮೇ ತಿಂಗಳವರೆಗೆ, ಅಂದರೆ ಎರಡನೇ ಅಲೆ ಏರುತ್ತಿದ್ದಾಗ, ಅವರಲ್ಲಿ ಯಾರಿಗೆ ಸೋಂಕು ಬಂತು, ಯಾರು ದಾಖಲಾದರು ಎಂದು ಅಲ್ಲಿನ ವೈದ್ಯರು ಲೆಕ್ಕ ಇಟ್ಟರು. ಲಸಿಕೆ ಪಡೆದವರಲ್ಲಿ ಹೆಚ್ಚಿನವರದು ಕೋವಿಶೀಲ್ಡ್. ಎರಡೂ ಡೋಸ್ ಆದವರಲ್ಲಿ ಆಸ್ಪತ್ರೆ ಸೇರಿದವರು 64 ಮಂದಿ. ಒಂದೂ ಡೋಸ್ ಆಗದವರಲ್ಲಿ ಸೇರಿದವರೂ 64 ಮಂದಿಯೇ! ವಾರ್ಡಿನ ಬಾಗಿಲಲ್ಲಿ ನಿಂತು ತಲೆ ಎಣಿಸಿದವನಿಗೆ ಲಸಿಕೆಯಿಂದ ಮೂರು ಕಾಸಿನ ಪ್ರಯೋಜನವಿಲ್ಲ ಅನ್ನಿಸದೆ ಇರುತ್ತದೆಯೇ?

ಆದರೆ ಎರಡು ಡೋಸ್ ಆದವರು ಒಟ್ಟು 7,080 ಮಂದಿ, ಆಗದವರು ಬರೀ 1,609. ಏಳು ಎಕರೆ ಕಾಫಿ ತೋಟದಲ್ಲಿ 64 ಗಿಡಕ್ಕೆ ಬೋರರ್ ಹುಳ ಹಿಡಿಯುವುದಕ್ಕೂ ಒಂದೂವರೆ ಎಕರೆಯಲ್ಲಿ ಅಷ್ಟೇ ಗಿಡಕ್ಕೆ ಹಿಡಿಯುವುದಕ್ಕೂ ಇರುವ ವ್ಯತ್ಯಾಸವನ್ನು ಬೆಳೆಗಾರರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಾವಿರ ಮಂದಿಗೆ ಲೆಕ್ಕ ಹಾಕಿದರೆ ಡೋಸ್ ಆದವರ ಕಡೆ ಒಂಬತ್ತು, ಆಗದವರ ಕಡೆ ನಲವತ್ತು.

ಮುಂದಿನ ಕಥೆ ಇನ್ನೂ ಗಮನಾರ್ಹ. ದಾಖಲಾದ ಮೇಲೆ ಏನಾಯಿತು? ಲಸಿಕೆ ಆಗಿದ್ದ 64 ಮಂದಿಯಲ್ಲಿ ಆಮ್ಲಜನಕ ಬೇಕಾದದ್ದು ನಾಲ್ವರಿಗೆ, ಐಸಿಯು ಸೇರಿದ್ದು ಇಬ್ಬರು. ಆಗದ 64ರಲ್ಲಿ ಆಮ್ಲಜನಕ 11 ಮಂದಿಗೆ, ಐಸಿಯು ಎಂಟು ಮಂದಿಗೆ. ಇವು ಸಣ್ಣ ಸಂಖ್ಯೆಗಳು, ಅದೂ ದುಡಿಯುವ ವಯಸ್ಸಿನವರದು ಎಂದು ಆಕ್ಷೇಪಿಸಬಹುದು. ಹಾಗಾದರೆ ಇನ್ನೊಂದು ಲೆಕ್ಕ ನೋಡಿ. ಓಮಿಕ್ರಾನ್ ಅಲೆಯಲ್ಲಿ ದೇಶದ 37 ಆಸ್ಪತ್ರೆಗಳಿಂದ ಕಲೆಹಾಕಿದ ಮಾಹಿತಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2022ರ ಫೆಬ್ರುವರಿಯಲ್ಲಿ ಮುಂದಿಟ್ಟಿತು. ದಾಖಲಾದವರ ಪೈಕಿ ಲಸಿಕೆ ಪಡೆಯದವರಲ್ಲಿ ಶೇ. 22 ಮಂದಿ ತೀರಿಕೊಂಡಿದ್ದರು, ಪಡೆದವರಲ್ಲಿ ಶೇ. 10. ಲಸಿಕೆ ಪಡೆದೂ ಸತ್ತವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಬೇರೆ ಕಾಯಿಲೆಗಳು ಮೊದಲೇ ಇದ್ದವು.

ಶೇ. 10 ಎಂಬುದೂ ಸಣ್ಣ ಸಂಖ್ಯೆಯಲ್ಲ, ನಿಜ. ಆದರೆ ಆಸ್ಪತ್ರೆಯೊಳಗಿನ ಲೆಕ್ಕದಲ್ಲಿ ಒಂದು ಕಣ್ಕಟ್ಟಿದೆ. ಲಸಿಕೆ ಚೆನ್ನಾಗಿ ಹಿಡಿದವರು ಎರಡು ದಿನ ಜ್ವರ, ಮೈಕೈ ನೋವು ಅನುಭವಿಸಿ, ಕಷಾಯ ಕುಡಿದು ಎದ್ದು ಕೆಲಸಕ್ಕೆ ಹೋದರು. ಅವರು ಯಾವ ಆಸ್ಪತ್ರೆಯ ಪಟ್ಟಿಯಲ್ಲೂ ಇಲ್ಲ. ಲಸಿಕೆಯಾಗಿಯೂ ವಾರ್ಡ್ ಸೇರಿದವರಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಕಿಡ್ನಿ ಸೋತವರು ಹೆಚ್ಚು. ಅಂಥವರಲ್ಲೂ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದಿತ್ತು ಎಂಬುದನ್ನು ನೋಡಬೇಕು.

ಸೋಂಕನ್ನೇ ಪೂರ್ತಿ ತಡೆಯಲಾಗದ ಲಸಿಕೆ ಶ್ವಾಸಕೋಶವನ್ನು ಹೇಗೆ ಉಳಿಸುತ್ತದೆ? ವೈರಸ್ ಮೊದಲು ಇಳಿಯುವುದು ಮೂಗು, ಗಂಟಲಿಗೆ. ಅಲ್ಲಿ ಕಾವಲಿಗಿರುವ ಪ್ರತಿಕಾಯಗಳು ಚುಚ್ಚುಮದ್ದಾದ ಕೆಲವೇ ತಿಂಗಳಲ್ಲಿ ಇಳಿಮುಖವಾಗುತ್ತವೆ. 2021ರ ನವೆಂಬರಿನಲ್ಲಿ ಧಾರವಾಡದ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಮಾರಂಭದ ನಂತರ 280ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿದ್ದು ಹೀಗೆಯೇ. ಅವರಲ್ಲಿ ಹೆಚ್ಚಿನವರಿಗೆ ಎರಡೂ ಡೋಸ್ ಆಗಿತ್ತು. ಬಹುತೇಕರಿಗೆ ಲಕ್ಷಣವೇ ಇರಲಿಲ್ಲ, ಇದ್ದರೂ ಅಲ್ಪಸ್ವಲ್ಪ. ಪ್ರತಿಕಾಯ ಇಳಿದರೂ ನೆನಪಿನ ಬಿ ಕೋಶಗಳು, ಟಿ ಕೋಶಗಳು ಉಳಿದಿರುತ್ತವೆ. ಕೊರೊನಾದ ನಿಜವಾದ ಗಂಡಾಂತರ ಇರುವುದು ಎರಡನೇ ವಾರದಲ್ಲಿ: ವೈರಸ್ ಶ್ವಾಸಕೋಶದ ಗಾಳಿಚೀಲಗಳಿಗೆ ಇಳಿದಿರುತ್ತದೆ, ದೇಹದ ರಕ್ಷಣಾಪಡೆ ಹದ ತಪ್ಪಿ ಉರಿಯೂತ ಎಬ್ಬಿಸುತ್ತದೆ, ರಕ್ತಕ್ಕೆ ಆಮ್ಲಜನಕ ಸಾಲದಾಗುತ್ತದೆ. ಲಸಿಕೆ ಕಾಣದ ದೇಹ ಶತ್ರುವಿನ ಗುರುತು ಹಿಡಿದು ಸಜ್ಜಾಗಲು ಒಂದೆರಡು ವಾರ ಬೇಕು. ಲಸಿಕೆ ಕಂಡ ದೇಹಕ್ಕೆ ಕೆಲವೇ ದಿನ ಸಾಕು. ಬದುಕು ಸಾವಿನ ಮಧ್ಯೆ ಇರುವುದು ಆ ಕೆಲವು ದಿನಗಳ ಅಂತರ.

ಹೊರನಾಡಿನಂಥ ಊರಿಗೆ ಈ ಅಂತರದ ಬೆಲೆ ಪೇಟೆಗಿಂತ ಜಾಸ್ತಿ. ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ವರ್ಷವಿಡೀ ಎಲ್ಲೆಲ್ಲಿಂದಲೋ ಜನ ಬರುವ ಜಾಗ; ವೈರಸ್ಸಿಗೆ ಗೇಟು ಹಾಕುವುದು ಆಗದ ಮಾತು. ಜಿಲ್ಲಾಸ್ಪತ್ರೆ ಸುಮಾರು 100 ಕಿ.ಮೀ. ದೂರದ ಚಿಕ್ಕಮಗಳೂರಿನಲ್ಲಿದೆ. ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕೆಂದರೆ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗುವುದು ಇಲ್ಲಿ ಹಳೆಯ ಸುದ್ದಿ. ಇಂಥಲ್ಲಿ ಆಮ್ಲಜನಕವೇ ಬೇಕಾಗದಂತೆ ನೋಡಿಕೊಳ್ಳುವುದೇ ದೊಡ್ಡ ಚಿಕಿತ್ಸೆ. (ಸಿಗ್ನಲ್ ಹುಡುಕಿ ಗುಡ್ಡ ಹತ್ತುವ ಊರುಗಳಿಗೂ 2021ರ ಮೇ ತಿಂಗಳಲ್ಲಿ 18ರಿಂದ 44ರ ವಯಸ್ಸಿನವರು ಕೋವಿನ್‌ನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕೆಂದು ನಿಯಮ ಮಾಡಿದವರನ್ನು ಒಂದು ದಿನ ಇಲ್ಲೇ ಹತ್ತಿರದ ಸಂಸೆಗೆ ಕಳಿಸಬೇಕಿತ್ತು.)

ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ ಎನ್ನುವುದೂ ಸುಳ್ಳು. ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಬರಬಹುದೆಂದು 2021ರಲ್ಲೇ ಗೊತ್ತಾಗಿತ್ತು. ಆದರೆ 2025ರಲ್ಲಿ ಪಕ್ಕದ ಹಾಸನದ ಹೃದಯಾಘಾತದ ಸಾವುಗಳಿಗೂ ಲಸಿಕೆಗೂ ಗಂಟು ಹಾಕಿದ್ದು ಪರಿಶೀಲನೆಯಲ್ಲಿ ನಿಲ್ಲಲಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಗೆ ಅಂಥ ನಂಟು ಕಾಣಲಿಲ್ಲ. 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಂತೂ ಎರಡು ಡೋಸ್ ಪಡೆದವರಿಗೆ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚಿಸಿದ್ದು ಕುಟುಂಬದ ಹಿನ್ನೆಲೆ, ವಿಪರೀತ ಕುಡಿತದಂಥ ಕಾರಣಗಳು.

ಮುಂದೆ ಯಾವ ಸೋಂಕಿನ ಸುದ್ದಿ ಬಂದರೂ "ಲಸಿಕೆ ಹಾಕಿಸಿಕೊಂಡವರು ಇಷ್ಟು ಮಂದಿ ದಾಖಲು" ಎಂಬ ಸಾಲು ಓದಿದೊಡನೆ, ಒಟ್ಟು ಎಷ್ಟರಲ್ಲಿ ಎಂದು ಕೇಳಿ. ಮನೆಯಲ್ಲಿ ಹಿರಿಯರಿದ್ದು ಜ್ವರ, ಕೆಮ್ಮು ಬಂದರೆ ಆಕ್ಸಿಮೀಟರ್ ಹಿಡಿದು ನೋಡಿ. 94ಕ್ಕಿಂತ ಕೆಳಗೆ ತೋರಿಸಿದರೆ, ಲಸಿಕೆ ಆಗಿರಲಿ ಬಿಡಲಿ, ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಗಾಡಿ ಹತ್ತಿಸಿ.