ಕೈ ಎತ್ತಿದ್ರೆ ನಿಲ್ಲಿಸ್ತೀನಿ

ಮೊನ್ನೆ ಶನಿವಾರ ಇಲ್ಲೇ ಪ್ರಿನ್ಸ್‌ಟನ್‌ನಲ್ಲಿ ಪರಿಚಯದ ಆಂಟಿ ಒಬ್ಬರನ್ನ, ಅವರ ಮಗನನ್ನ ಹಲ್ಲಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದೆ. ಹುಡುಗನಿಗೆ 19. ಆಟಿಸಂ ಇದೆ, ಮಾತು ಕಡಿಮೆ. ನನ್ನದು ಬರೀ ಡ್ರೈವರ್ ಕೆಲಸ ಅಂದುಕೊಂಡಿದ್ದೆ.

ದಾರಿಯಲ್ಲಿ ಆಂಟಿ ಹಳೇ ಕಥೆ ತೆಗೆದರು. ಅವನಿಗೆ ಏಳು ವರ್ಷ ಇದ್ದಾಗ ಬೇರೊಂದು ಕಡೆ ಪಪೂಸ್ ಬೋರ್ಡಿಗೆ ಕಟ್ಟಿದ್ದರಂತೆ. ಒಂದು ಹಲಗೆ, ಎರಡೂ ಪಕ್ಕ ಬಟ್ಟೆ, ವೆಲ್ಕ್ರೋ. ಕೈಕಾಲು ಅಲ್ಲಾಡಿಸೋ ಹಾಗಿಲ್ಲ. "ಫಾರ್ಮ್ ಕೊಟ್ರು, ಸೈನ್ ಹಾಕ್ಬಿಟ್ಟೆ ಕಣೋ. ಓದ್ಲೇ ಇಲ್ಲ." ಆಮೇಲೆ ಎಷ್ಟೋ ತಿಂಗಳು ಮನೆಯಲ್ಲೂ ಬ್ರಷ್ ಹತ್ತಿರ ತರೋಕೆ ಬಿಡ್ತಿರಲಿಲ್ಲವಂತೆ.

ನಮ್ಮೂರಲ್ಲಾದ್ರೆ ಬೋರ್ಡೂ ಬೇಡ, ಫಾರ್ಮೂ ಬೇಡ. ಅಮ್ಮ ಕೈ ಹಿಡಿ, ಅಪ್ಪ ಕಾಲು ಹಿಡಿ, ಕಾಂಪೌಂಡರ್ ತಲೆ ಹಿಡಿ... ನಾನೂ ಹಾಗೆ ಹಿಡಿಸಿಕೊಂಡವನೇ. ಆದ್ರೆ ನಾನು ದೊಡ್ಡವನಾದ ಮೇಲೆ ಯಾರೂ ಹಿಡಿಯಲಿಲ್ಲ.

ಮನೆಗೆ ಬಂದು ಗೂಗಲಿಸಿದೆ. ಅಳುವ ಮಗುವಿನ ಬಾಯಿಗೆ ಅಂಗೈ ಅಡ್ಡ ಒತ್ತುವ ಪದ್ಧತಿಯನ್ನ ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ ತನ್ನ ಮಾರ್ಗಸೂಚಿಯಿಂದ ಕೈಬಿಟ್ಟದ್ದೇ 2006ರಲ್ಲಿ! ಕಟ್ಟೋದನ್ನ ಪೂರ್ತಿ ಬಿಟ್ಟಿಲ್ಲ. ಮೊದಲೇ ವಿವರಿಸಿ ಒಪ್ಪಿಗೆ ತಗೋಬೇಕು, ಡಾಕ್ಟರ ಅನುಕೂಲಕ್ಕೆ ಕಟ್ಟಬಾರದು ಅನ್ನುತ್ತೆ. ಒಪ್ಪಿಗೆ ಯಾರದ್ದು? ನ್ಯೂಜೆರ್ಸಿಯಲ್ಲಿ 18 ತುಂಬಿದ ಮೇಲೆ ತಾಯಿಯ ಸಹಿ ತಾನಾಗೇ ನಡೆಯೋಲ್ಲ, ಕೋರ್ಟು ಅವರನ್ನ ಗಾರ್ಡಿಯನ್ ಮಾಡಿರಬೇಕು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 'ಸೀಮಿತ ಪಾಲಕತ್ವ' ಅಂತಿದೆ. ಪಾಲಕರು, ಆ ವ್ಯಕ್ತಿ ಇಬ್ಬರೂ ಪರಸ್ಪರ ನಂಬಿಕೆಯಿಂದ ಕೂಡಿ ತೀರ್ಮಾನಿಸೋದು. ಕಾಗದದ ಮೇಲೆ ನಮ್ಮದು ಪರವಾಗಿಲ್ಲ ಅನ್ನಿಸಿತು.

ಸರಿ, ಡಾಕ್ಟರ ವಿಷಯ. ಇದು ಮೂರನೇ ಭೇಟಿ. ಮೊದಲ ಸಲ ಅವನು ಬಾಗಿಲಲ್ಲೇ ನಿಂತಿದ್ದ, ಎರಡನೇ ಸಲ ಕುರ್ಚಿಯಲ್ಲಿ ಕೂತು ಎದ್ದುಬಂದ. ಈ ಸಲ ಆಕೆ ತಿರುಗೋ ಬ್ರಷ್ಷನ್ನ ಮೊದಲು ಅವನ ಉಗುರಿಗೆ ತಾಗಿಸಿ ತೋರಿಸಿದರು. "ನೀನು ಕೈ ಎತ್ತಿದ್ರೆ ನಿಲ್ಲಿಸ್ತೀನಿ" ಅಂದರು, ಇಂಗ್ಲಿಷಿನಲ್ಲಿ. ಎತ್ತಿದ. ನಿಲ್ಲಿಸಿದರು. ಮತ್ತೆ ಎತ್ತಿದ, ಮತ್ತೆ ನಿಲ್ಲಿಸಿದರು. ಹನ್ನೊಂದು ಸಲ ಎಣಿಸಿದೆ. ಪುಣ್ಯಾತ್ಮ ಟೆಸ್ಟಿಂಗ್ ಮಾಡ್ತಿದ್ದ! ಆಮೇಲೆ ಕೈ ತೊಡೆ ಮೇಲೇ ಉಳೀತು.

ಕ್ಲೀನ್ ಆಗಿದ್ದು ನಾಲ್ಕು ಹಲ್ಲು. ಹಿಂದಿನ ದವಡೆ ಹಲ್ಲಲ್ಲಿ ಹುಳುಕಿದೆ. "ಅದು ಇವನಿಗೋಸ್ಕರ ಕಾಯುತ್ತೇನೋ?" ಆಂಟಿ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಚ್ಚಾದ್ರೆ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಮಾಡಬೇಕಾಗಬಹುದು, ಅದಕ್ಕೂ ಅವನನ್ನೇ ಕೇಳ್ತೀನಿ ಅಂದಿದ್ದಾರೆ ಡಾಕ್ಟರು. ಹೇಗೆ ಕೇಳ್ತಾರೋ. ಎರಡು ವಾರ ಬಿಟ್ಟು ಮತ್ತೆ ಅಪಾಯಿಂಟ್‌ಮೆಂಟ್, ಡ್ರೈವರ್ ನಾನೇ.