ಶಿಕ್ಷಕರ ಕಿವಿಯೂ ಯಂತ್ರದ ಮುಳ್ಳೂ

ಸಂಗೀತ ಶಿಕ್ಷಕರಾಗಲು ಸಿದ್ಧರಾಗುತ್ತಿರುವ ತರುಣ ತರುಣಿಯರಿಗೆ ಇಂದು ಯಂತ್ರಗಳ ಪರಿಚಯವೂ ಅವಶ್ಯವಾಗಿದೆ. ಬೆಂಗಳೂರಿನ ಜಿ. ರಾಜ್ ನಾರಾಯಣ ಅವರು 1979ರಲ್ಲಿ ರೂಪಿಸಿ ತೋರಿದ ವಿದ್ಯುನ್ಮಾನ ತಂಬೂರಿಯ ನಾದವೀಗ ಮೊಬೈಲಿನಲ್ಲೂ ದೊರೆಯುತ್ತದೆ. ಮಗು ಹಾಡಿದ್ದನ್ನು ಧ್ವನಿಮುದ್ರಿಸಿ ಅದಕ್ಕೇ ಕೇಳಿಸಿದರೆ, ಗದರದೆಯೇ ತಪ್ಪು ಮನವರಿಕೆಯಾಗುತ್ತದೆ.

ಆದರೆ ಸ್ವರವನ್ನು ಅಳೆಯುವ ಟ್ಯೂನರಿನ ವಿಷಯದಲ್ಲಿ ಎಚ್ಚರಿಕೆ ಬೇಕು. ಸಪ್ತಕವೊಂದಕ್ಕೆ 1200 ಸೆಂಟ್. ಟ್ಯೂನರು ಸಾಮಾನ್ಯವಾಗಿ ಅದನ್ನು ಕೀಬೋರ್ಡಿನಂತೆ 12 ಸಮಭಾಗ ಮಾಡುವುದರಿಂದ ಅಲ್ಲಿ ಶುದ್ಧ ಗಾಂಧಾರವು ಷಡ್ಜದಿಂದ 400 ಸೆಂಟ್ ಮೇಲಿರುತ್ತದೆ. ತಂಬೂರಿಯ ನಾದದಲ್ಲಿ ತಾನಾಗಿ ಹೊಮ್ಮುವ ಗಾಂಧಾರವಾದರೋ ಸುಮಾರು 386. ಹೀಗಾಗಿ ತಂಬೂರಿಯಲ್ಲಿ ಬೆರೆತು ಹಾಡಿದ ಮಗುವಿನ ಸ್ವರವನ್ನು ಯಂತ್ರದ ಮುಳ್ಳು 'ಕಡಿಮೆ' ಎಂದು ತೋರಿಸುತ್ತದೆ. ಶಿಕ್ಷಕರು ಮುಳ್ಳನ್ನೇ ನಂಬಿ ತಿದ್ದಹೊರಟರೆ ಸರಿಯಿದ್ದ ಸ್ವರವೇ ಕೆಡುತ್ತದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಅಂಧ ಮಕ್ಕಳಿಗೆ ಸಂಗೀತ ವಿದ್ಯೆಯನ್ನು ಧಾರೆಯೆರೆದದ್ದು ಕಿವಿಯ ಬಲದಿಂದಲೇ. ಅಲ್ಲಿ ನೋಡಿ ತಿಳಿಯುವ ಮುಳ್ಳಿಗೆ ಎಡೆಯೇ ಇರಲಿಲ್ಲ. ಆದುದರಿಂದ ಭಾವೀ ಶಿಕ್ಷಕರು ಯಂತ್ರವನ್ನು ಅವಶ್ಯವಾಗಿ ಕಲಿಯಲಿ; ಅದಕ್ಕೂ ಮೊದಲು, ಯಂತ್ರ ಹೇಳಿದ್ದು ಸರಿಯೋ ಅಲ್ಲವೋ ಎಂದು ಅರಿಯುವಷ್ಟು ತಮ್ಮ ಕಿವಿಯನ್ನು ಪಳಗಿಸಿಕೊಳ್ಳಲಿ.